ದೊಡ್ಡಪೇಟೆಯ ಹೆಸರಿನ ನಡಿಗೆ: ಹೋಗಿ, ಆದರೆ ಭಾನುವಾರ ಬೇಡ

ಮೊದಲೇ ಹೇಳಿಬಿಡುತ್ತೇನೆ. ನಡಿಗೆ ಚೆನ್ನಾಗಿದೆ, ಆರಿಸಿಕೊಂಡ ದಿನ ಸರಿಯಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೆ ಬೆಂಗಳೂರಿನ ಹಳೇ ಪೇಟೆಯಲ್ಲಿ ನಿಂತು ಬೀದಿಗಳ ಹೆಸರಿನ ಕಥೆ ಕೇಳೋದು ಹಾಯಾಗಿರುತ್ತದೆ. ಗೂಡ್ಸ್ ಆಟೋ ಇಲ್ಲ, ನೂಕುನುಗ್ಗಲು ಇಲ್ಲ, ಮೂಟೆ ಹೊತ್ತವರು "ಸೈಡ್, ಸೈಡ್" ಅಂತ ಹಿಂದಿನಿಂದ ಕೂಗೋದಿಲ್ಲ. ಆದರೆ ಅಂಗಡಿಗಳೂ ಇಲ್ಲ. ಹೆಚ್ಚುಕಮ್ಮಿ ಎಲ್ಲ ಶಟರ್ ಎಳೆದಿರುತ್ತದೆ. ಪೇಟೆಗಳ ಹೆಸರಿನ ಬಗ್ಗೆ ಹೇಳಬೇಕಾದರೆ ಅಲ್ಲಿ ಏನು ಮಾರುತ್ತಾರೆ, ಯಾರು ಕೂತಿದ್ದಾರೆ ಅನ್ನೋದು ಕಣ್ಣಿಗೆ ಕಾಣಬೇಕಲ್ವಾ? ಮುಚ್ಚಿದ ಬಾಗಿಲ ಮುಂದೆ ಗೈಡ್ ಪಾಪ ಎಷ್ಟು ಅಂತ ಕೈ ಆಡಿಸುತ್ತಾನೆ.

ತಲೆಗೆ 600 ರೂಪಾಯಿ, ಮೂರು ಗಂಟೆ. ಮಗಳು ಬುಕ್ ಮಾಡಿದ್ದು. "ಅಮ್ಮ, ನೀನು ಚಪ್ಪಲಿ ಸವೆಸಿದ ಬೀದಿಗಳು, ಒಂದು ಸಲ ಟೂರಿಸ್ಟ್ ಆಗಿ ಹೋಗಿ ಬಾ" ಅಂದಳು. ನಡೆಸುವವರ ಹೆಸರು ಹಾಕುತ್ತಿಲ್ಲ. ಇಂಥ ನಡಿಗೆಗಳನ್ನು ಊರಲ್ಲಿ ಹಲವರು ನಡೆಸುತ್ತಾರೆ, ನಾನು ಹೋದದ್ದು ಒಂದಕ್ಕೆ. ಗೈಡ್ ಹುಡುಗ ಒಳ್ಳೆಯವನು, ಓದಿಕೊಂಡಿದ್ದಾನೆ. ಅವನ ಹೊಟ್ಟೆ ಮೇಲೆ ಹೊಡೆಯೋ ಉದ್ದೇಶ ನನಗಿಲ್ಲ.

ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಈ ಅಮ್ಮನಿಗೆ ಯಾಕಿಷ್ಟು ತಕರಾರು ಅನಿಸುತ್ತದೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಪ್ರೆಸ್ ಒಂದರಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ಸೀಸದ ಅಚ್ಚಿನ ಮೊಳೆ ಒಂದೊಂದಾಗಿ ಜೋಡಿಸೋ ಕಾಲದಲ್ಲಿ ಸೇರಿದೆ, ಕಂಪ್ಯೂಟರ್ ಬಂದು ಹಳತಾದ ಮೇಲೆ ಬಿಟ್ಟೆ. ಲಗ್ನಪತ್ರಿಕೆ ಮಾಡಿಸೋಕೆ ಬಂದವರು ಮುಹೂರ್ತದ ಬಗ್ಗೆ ಜಗಳ ಆಡೋದಿಲ್ಲ, ಅದನ್ನು ಪುರೋಹಿತರು ಬರೆದುಕೊಟ್ಟಿರುತ್ತಾರೆ. ಜಗಳ ಆಗೋದು ಬಂಧುಗಳ ಹೆಸರಿನ ಸಾಲಿನ ಮೇಲೆ, ಆಮೇಲೆ ಛತ್ರದ ವಿಳಾಸದ ಮೇಲೆ. "ಅವೆನ್ಯೂ ರೋಡ್ ಅಂತ ಹಾಕಿ" ಅಂತ ಹುಡುಗನ ಕಡೆಯವರು. "ದೊಡ್ಡಪೇಟೆ ಅಂದರೆ ತಾನೇ ನಮ್ಮ ಕಡೆಯವರಿಗೆ ಗೊತ್ತಾಗೋದು" ಅಂತ ಹುಡುಗಿಯ ಅಜ್ಜ. ಕೊನೆಗೆ ಎರಡೂ ಹಾಕುತ್ತಿದ್ದೆವು, ಒಂದನ್ನು ಕಂಸದಲ್ಲಿ. ಯಾವುದು ಕಂಸದೊಳಗೆ ಹೋಗಬೇಕು ಅನ್ನೋದಕ್ಕೆ ಮತ್ತೆ ಜಗಳ.

ನಡಿಗೆ ಶುರುವಾಗೋದು ಮೈಸೂರು ಬ್ಯಾಂಕ್ ಸರ್ಕಲ್‌ನಿಂದ. ಶುರು ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಹುಟ್ಟಿದ ಬ್ಯಾಂಕ್ ಅದು. ಆಮೇಲೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು. ಬ್ಯಾಂಕಿನ ಹೆಸರೇ ಅಳಿಸಿಹೋದರೂ ಸರ್ಕಲ್ ಹೆಸರು ಹಾಗೇ ಇದೆ. ಆಟೋದವರು, ಬಸ್ ಕಂಡಕ್ಟರು, ಪೊಲೀಸರು ಎಲ್ಲರಿಗೂ ಅದು ಮೈಸೂರು ಬ್ಯಾಂಕೇ. ಪಕ್ಕದ ಮೆಜೆಸ್ಟಿಕ್ಕೂ ಹಾಗೇ. ಆ ಹೆಸರಿನ ಥಿಯೇಟರ್ ಹೋಗಿ ಎಷ್ಟೋ ಕಾಲ ಆಯಿತು. ಬಸ್ ನಿಲ್ದಾಣಕ್ಕೂ ಮೆಟ್ರೊ ನಿಲ್ದಾಣಕ್ಕೂ ಕೆಂಪೇಗೌಡರ ಹೆಸರಿದೆ. ಆದರೂ ಊರಿಂದ ಬರೋ ನೆಂಟರು ಇಳಿಯೋದು ಮೆಜೆಸ್ಟಿಕ್ಕಿನಲ್ಲಿ.

ಗೈಡ್ ಇದನ್ನು ಚೆನ್ನಾಗಿ ಹೇಳಿದ. 1942ರ ಚಳವಳಿಯಲ್ಲಿ ಇಲ್ಲಿ ಗೋಲಿಬಾರ್ ಆಗಿ ಸತ್ತವರ ಸ್ಮಾರಕವನ್ನೂ ತೋರಿಸಿದ. ನಾನು ದಿನಾ ಬಸ್ ಹಿಡಿಯೋಕೆ ಓಡುತ್ತಿದ್ದ ಜಾಗ. ಅಲ್ಲಿ ನಿಂತು ಓದಿದವರು ನಮ್ಮ ಗುಂಪಿನಲ್ಲೂ ಇಬ್ಬರೋ ಮೂವರೋ ಅಷ್ಟೇ, ಉಳಿದವರು ಕಾಫಿ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಿದ್ದರು.

ಅಲ್ಲಿಂದ ದಕ್ಷಿಣಕ್ಕೆ ಅವೆನ್ಯೂ ರಸ್ತೆ. ಇದೇ ಹಳೇ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗ ಎರಡು ಬೀದಿ ಮುಖ್ಯ. ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ. ಎರಡೂ ಕೂಡುವ ಜಾಗದಿಂದ ನಾಲ್ಕು ಜೊತೆ ಎತ್ತುಗಳು ನೇಗಿಲು ಎಳೆದುಕೊಂಡು ನಾಲ್ಕು ದಿಕ್ಕಿಗೆ ಹೊರಟವು, ಅವು ನಿಂತ ಕಡೆ ಊರಿನ ಎಲ್ಲೆ ಆಯಿತು ಅನ್ನೋದು ಐತಿಹ್ಯ. ಬ್ರಿಟಿಷರ ಕಾಲದಲ್ಲಿ ದೊಡ್ಡಪೇಟೆ ಹೋಗಿ ಅವೆನ್ಯೂ ರಸ್ತೆ ಬಂತು. ಸಾಲುಮರ ಇದ್ದ ರಸ್ತೆ ಅಂತ ಆ ಹೆಸರು ಅನ್ನುತ್ತಾರೆ. ಈಗ ಅಲ್ಲಿ ನೆರಳಿಗೆ ನಿಲ್ಲೋಕೆ ಮರ ಹುಡುಕಬೇಕು, ಅಂಗಡಿಯವರ ಟಾರ್ಪಾಲೇ ಗತಿ.

ಇಲ್ಲಿ ಹುಡುಗ ಒಂದು ಮಾತು ಹೇಳಿದ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. "ದೊಡ್ಡಪೇಟೆ ಅನ್ನೋ ಹೆಸರು ಈಗ ಪೂರ್ತಿ ಸತ್ತುಹೋಗಿದೆ" ಅಂದ. ಸುಮ್ನೆ ಇರೋಕಾಗಲಿಲ್ಲ. "ಯಾರಪ್ಪಾ ಹೇಳಿದ್ದು? ಒಳಗಿನ ಬೀದಿಗಳಲ್ಲಿ ವಯಸ್ಸಾದವರನ್ನು ಕೇಳಿ ನೋಡು" ಅಂದೆ. "ಮೇಡಂ, ಇವತ್ತು ಅಂಗಡಿ ಇಲ್ಲವಲ್ಲ" ಅಂದ. ನಾನು ಹೇಳಿದ್ದೂ ಅದೇ ತಾನೇ! ಸೋಮವಾರ ಹತ್ತೂವರೆಗೆ ಯಾವುದಾದರೂ ಹಳೇ ಬೆಳ್ಳಿ ಅಂಗಡಿಯ ಗಲ್ಲಾದ ಮುಂದೆ ಐದು ನಿಮಿಷ ಕೂತರೆ ಸಾಕು. ಬಿಲ್ಲಿನ ಮೇಲೆ ಅವೆನ್ಯೂ ರೋಡ್ ಇರುತ್ತದೆ, ಬಾಯಲ್ಲಿ ದೊಡ್ಡಪೇಟೆ ಇರುತ್ತದೆ.

ಭಾನುವಾರ ಈ ರಸ್ತೆಯಲ್ಲಿ ಜೀವ ಇರೋದು ಹಳೇ ಪುಸ್ತಕದವರಿಂದ. ಫುಟ್‌ಪಾತಿನ ಮೇಲೆ ಗೋಣಿ ಹಾಸಿ ರಾಶಿ ಹಾಕಿಕೊಂಡು ಕೂತಿದ್ದರು. ಗುಂಪಿನ ಅರ್ಧ ಜನ ಅಲ್ಲೇ ಕಳೆದುಹೋದರು. ಅವರನ್ನು ಒಟ್ಟುಗೂಡಿಸೋಕೆ ಕಾಲು ಗಂಟೆ ಹೋಯಿತು. ವೇಳಾಪಟ್ಟಿ ಮಾಡಿದವರು ಇದನ್ನು ಯೋಚಿಸಬೇಕಿತ್ತು. ಬೆಂಗಳೂರಿನವರನ್ನು ಅವೆನ್ಯೂ ರಸ್ತೆಗೆ ಕರೆದುಕೊಂಡು ಬಂದು ಪುಸ್ತಕ ಮುಟ್ಟಬೇಡಿ ಅಂದರೆ ಆಗುತ್ತದೆಯೇ?

ರೈಸ್ ಮೆಮೊರಿಯಲ್ ಚರ್ಚ್ ಮುಂದೆ ಒಬ್ಬ ಸಾಫ್ಟ್‌ವೇರ್ ಹುಡುಗಿ, ಇದಕ್ಕೂ ಅಕ್ಕಿಪೇಟೆಗೂ ಸಂಬಂಧ ಇದೆಯಾ ಅಂತ ಕೇಳಿದಳು. ಎಲ್ಲರೂ ನಕ್ಕರು. ಪಾಪ, ಕೇಳಿದ್ದರಲ್ಲಿ ತಪ್ಪೇನಿಲ್ಲ, ಸುತ್ತ ಅಕ್ಕಿ ರಾಗಿ ಹೆಸರಿನ ಬೀದಿಗಳೇ ಇರುವಾಗ. ಚರ್ಚಿಗೆ ಹೆಸರು ಬಂದದ್ದು ಲಂಡನ್ ಮಿಷನ್‌ನ ಬೆಂಜಮಿನ್ ರೈಸ್ ಅವರಿಂದ. ನಮ್ಮ ಶಾಸನಗಳನ್ನೆಲ್ಲ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಇವರ ಮಗ, ಹುಟ್ಟಿದ್ದೂ ಬೆಂಗಳೂರಿನಲ್ಲೇ, 1837ರಲ್ಲಿ. ಪ್ರೂಫ್ ನೋಡೋ ಕೆಲಸ ಮಾಡಿದವಳಾಗಿ ಆ ಮನುಷ್ಯನ ಮೇಲೆ ನನಗೆ ಬೇರೆಯೇ ಗೌರವ. ಸವೆದ ಕಲ್ಲಿನ ಮೇಲಿನ ಹಳಗನ್ನಡ ಓದಿ ಅಚ್ಚಿಗೆ ಕೊಟ್ಟು, ಪ್ರೂಫ್ ತಿದ್ದಿ... ನೆನೆಸಿಕೊಂಡರೆ ಕಣ್ಣು ನೋಯುತ್ತದೆ.

ಈಗ ಅವರು ಕೊಡೋ ನಕ್ಷೆಯ ವಿಷಯ. ಚೆಂದದ ದಪ್ಪ ಕಾಗದ, ನಾಲ್ಕು ಬಣ್ಣ, ಮಡಿಕೆ ಕೂಡ ನೀಟಾಗಿದೆ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಕನ್ನಡದ ಕಡೆ ತಿರುಗಿಸಿದೆ ನೋಡಿ, ಎದೆ ಧಸಕ್ ಅಂದಿತು. ಅರಳೆಪೇಟೆ ಹೋಗಿ ಅರಳಿಪೇಟೆ ಆಗಿದೆ. ನಗರ್ತಪೇಟೆ ನಾಗರತ್ನಪೇಟೆ ಆಗಿದೆ. ತರಗುಪೇಟೆಗೆ ತರಗತಿಪೇಟೆ! ಇಂಗ್ಲಿಷಿನಲ್ಲಿ ಬರೆದದ್ದನ್ನು ಯಾವುದೋ ಯಂತ್ರದ ಬಾಯಿಗೆ ಹಾಕಿ, ಬಂದದ್ದನ್ನು ಹಾಗೇ ಅಚ್ಚು ಹಾಕಿಸಿದ್ದಾರೆ. ಒಬ್ಬರೂ ಪ್ರೂಫ್ ನೋಡಿಲ್ಲ.

ಇದು ಬರೀ ಕಾಗುಣಿತದ ತಕರಾರು ಅಲ್ಲ. ಗುಂಪಿನಲ್ಲಿದ್ದ ಒಬ್ಬರು ನಕ್ಷೆ ನೋಡಿ, "ಅಲ್ಲಿ ದೊಡ್ಡ ಅರಳಿಮರ ಇತ್ತೇ?" ಅಂತ ಕೇಳಿದರು. ಹುಡುಗ ಒಂದು ಕ್ಷಣ ಯೋಚಿಸಿ, "ಇದ್ದಿರಬೇಕು" ಅಂದುಬಿಟ್ಟ. ಹತ್ತಿ ವ್ಯಾಪಾರದ ಅರಳೆಪೇಟೆಯಲ್ಲಿ ನನ್ನ ಕಣ್ಣೆದುರೇ ಒಂದು ಅರಳಿಮರ ಚಿಗುರಿತು. ಅವರು ಮನೆಗೆ ಹೋಗಿ ಮಕ್ಕಳಿಗೆ ಅದನ್ನೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಆ ಬೀದಿಗೆ ಕಾಟನ್‌ಪೇಟೆ ಅಂತ ಎಲ್ಲ ಬೋರ್ಡಿನಲ್ಲೂ ಇದೆ. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡೋ ಕರಗ ಅಲ್ಲಿನ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗುತ್ತದೆ. ಹೇಳೋಕೆ ಇಷ್ಟು ನಿಜವಾದ ಕಥೆ ಇರುವಾಗ ಇಲ್ಲದ ಮರ ಯಾಕೆ ಬೇಕು?

ನಗರ್ತಪೇಟೆ ಅಂದರೆ ನಗರ್ತರ ಪೇಟೆ, ವ್ಯಾಪಾರಸ್ಥ ಸಮುದಾಯ ಅದು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಗೊಲ್ಲರಪೇಟೆ ಇವೆಲ್ಲ ಅಲ್ಲಿದ್ದವರ ಹೆಸರು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ ಮಾರುತ್ತಿದ್ದ ಸರಕಿನ ಹೆಸರು. ಕಬ್ಬನ್‌ಪೇಟೆ 1834ರಿಂದ 1861ರವರೆಗೆ ಮೈಸೂರು ರಾಜ್ಯದ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು. ಈ ಭಾಗವನ್ನು ಹುಡುಗ ತಡವರಿಸದೆ ಹೇಳಿದ, ಪೂರ್ತಿ ಅಂಕ ಕೊಡುತ್ತೇನೆ. ಬಳೇಪೇಟೆಗೆ ಬಂದಾಗ ಮಾತ್ರ ಮತ್ತೆ ಅದೇ ಗೋಳು. ಈಗ ಆ ಬೀದಿ ಹಾರ್ಮೋನಿಯಂ, ತಬಲಾ, ವೀಣೆ ಅಂಗಡಿಗಳಿಗೆ ಹೆಸರುವಾಸಿ. ಕೆಲಸದ ದಿನ ಹೋದರೆ ಯಾರೋ ಮೃದಂಗದ ಶ್ರುತಿ ಸೇರಿಸುತ್ತಾ ಕೂತಿರುತ್ತಾರೆ, ಟಕ್ ಟಕ್ ಅಂತ ಬೀದಿಗೆಲ್ಲ ಕೇಳಿಸುತ್ತದೆ. ಬಳೆಯ ಹೆಸರಿನ ಬೀದಿಯಲ್ಲಿ ವೀಣೆ ಕೊಳ್ಳೋದು ಅಂದರೆ ಏನು ಅಂತ ಆಗ ಯಾರೂ ವಿವರಿಸಬೇಕಾಗಿಲ್ಲ. ನಮಗೆ ಕಂಡದ್ದು ಬೀಗ.

ಟಿಪ್ಪುವಿಗೂ ಬ್ರಿಟಿಷರಿಗೂ ಆದ 1791ರ ಯುದ್ಧದ ಕಥೆಗೆ ಹುಡುಗ ಜಾಸ್ತಿ ಹೊತ್ತು ತೆಗೆದುಕೊಂಡ. ಕಾರ್ನ್‌ವಾಲಿಸ್‌ನ ಸೈನ್ಯ ಮಾರ್ಚ್ 7ರಂದು ಪೇಟೆಯೊಳಗೆ ನುಗ್ಗಿದ್ದು, ಕರ್ನಲ್ ಮೂರ್‌ಹೌಸ್ ಸತ್ತದ್ದು, ಮಾರ್ಚ್ 21ರಂದು ಕೋಟೆ ಬಿದ್ದದ್ದು. ಚೆನ್ನಾಗಿಯೇ ಹೇಳಿದ. ಆದರೆ ಹೆಸರಿನ ನಡಿಗೆ ಅಂತ ದುಡ್ಡು ತೆಗೆದುಕೊಂಡು ಫಿರಂಗಿ ಲೆಕ್ಕ ಕೊಟ್ಟರೆ ಹೇಗೆ? ಸೈನ್ಯ ನುಗ್ಗಿದ ಹಲಸೂರು ಬಾಗಿಲು ಈಗ ಇಲ್ಲ, ಅದರ ಹೆಸರು ಒಂದು ಪೊಲೀಸ್ ಠಾಣೆಯಲ್ಲಿ ಉಳಿದಿದೆ. ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ. ನನಗೆ ಬೇಕಿದ್ದದ್ದು ಅದು.

ಇನ್ನೊಂದು ದೊಡ್ಡ ವಿಷಯ ಅವರ ಪಟ್ಟಿಯಲ್ಲೇ ಇಲ್ಲ. ಇನಿಷಿಯಲ್ಲು. ಬೆಂಗಳೂರಿನ ಜನ ಬೀದಿಗೆ ಎಷ್ಟು ದೊಡ್ಡ ಹೆಸರಿಟ್ಟರೂ ಎರಡು ಮೂರು ಅಕ್ಷರಕ್ಕೆ ಇಳಿಸಿಬಿಡುತ್ತಾರೆ. ಕೆಂಪೇಗೌಡರು ಕೆ.ಜಿ. ಆದರು. ಜಯಚಾಮರಾಜೇಂದ್ರ ಒಡೆಯರು ಜೆ.ಸಿ. ಆದರು. ಸುಬೇದಾರ್ ಛತ್ರಂ ರಸ್ತೆ ಎಸ್.ಸಿ. ರೋಡ್. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಪಾರ್ಕಿನ ರಸ್ತೆ ಎಸ್.ಜೆ.ಪಿ. ರೋಡ್, ಈಗ ಅಲ್ಲಿ ಬೇರಿಂಗು, ಮೋಟಾರು, ವೈರು ಕೊಳ್ಳುವವರಿಗೆ ಯಾವ ಬೆಳ್ಳಿಹಬ್ಬವೂ ನೆನಪಿಲ್ಲ. ಓ.ಟಿ.ಸಿ. ರೋಡ್ ಅಂದರೆ ಏನು ಅಂತ ನಮ್ಮ ಪ್ರೆಸ್ಸಿಗೆ ಬಂದವರು ಎಷ್ಟೋ ಜನ ಕೇಳಿದ್ದಾರೆ. ಓಲ್ಡ್ ತಾಲ್ಲೂಕ್ ಕಚೇರಿ. ತಾಲ್ಲೂಕು ಕಚೇರಿ ಹೋಯಿತು, ಓಲ್ಡ್ ಕೂಡ ಹೋಯಿತು, ಅಕ್ಷರ ಉಳಿಯಿತು. ಲಗ್ನಪತ್ರಿಕೆಯಲ್ಲಿ ಪೂರ್ತಿ ಬರೆದರೆ ನೆಂಟರು ದಾರಿ ತಪ್ಪುತ್ತಾರೆ ಅಂತ ಜನ ಹೆದರುತ್ತಿದ್ದರು. ಇನಿಷಿಯಲ್ ಹಾಕಿದ ಮೇಲೆ ಸಮಾಧಾನ.

ಇದರಲ್ಲಿ ನನಗೆ ಅತಿ ಪ್ರಿಯವಾದದ್ದು ಎ.ವಿ. ರಸ್ತೆ. ಕೋಟೆಯ ಹತ್ತಿರ, ಟಿಪ್ಪುವಿನ ಬೇಸಿಗೆ ಅರಮನೆಯ ಮುಂದೆ ಚಾಮರಾಜಪೇಟೆ ಕಡೆಗೆ ಹೋಗುತ್ತದೆ. ಮೊದಲು ಅದು ಆಲ್ಬರ್ಟ್ ವಿಕ್ಟರ್ ರಸ್ತೆ. ವಿಕ್ಟೋರಿಯಾ ರಾಣಿಯ ಮೊಮ್ಮಗ, 1889ರಲ್ಲಿ ಬೆಂಗಳೂರಿಗೆ ಬಂದಿದ್ದ ರಾಜಕುಮಾರ. ಆಮೇಲೆ ಅದು ಆಲೂರು ವೆಂಕಟರಾವ್ ರಸ್ತೆ ಆಯಿತು, ಕರ್ನಾಟಕ ಒಂದಾಗಬೇಕು ಅಂತ ಜೀವ ತೇದ ಕನ್ನಡದ ಕುಲಪುರೋಹಿತರು. ಹಳಬರ ಹೆಸರು ತೆಗೆದು ನಮ್ಮವರ ಹೆಸರಿಟ್ಟರು, ಅಕ್ಷರ ಮಾತ್ರ ಎ.ವಿ. ಆಗಿಯೇ ಉಳಿಯಿತು! ನಮ್ಮ ಹಳೇ ಕಂಪೋಸಿಟರ್ ಮೇಸ್ತ್ರಿ ಒಬ್ಬರು ಇದನ್ನು ಹೇಳಿ ಹೇಳಿ ನಗುತ್ತಿದ್ದರು, "ಸರ್ಕಾರ ಹೆಸರು ಬದಲಾಯಿಸಿದರೂ ನಾನು ಒಂದು ಮೊಳೆ ಎತ್ತಿಡಬೇಕಾಗಲಿಲ್ಲ ನೋಡಮ್ಮ" ಅಂತ. ನಡಿಗೆ ಮುಗಿಯೋದು ಕೋಟೆ ಬಾಗಿಲ ಹತ್ತಿರವೇ. ಆ ರಸ್ತೆ ಕೂಗಳತೆಯಲ್ಲಿದೆ. ಅಷ್ಟು ದೂರ ಕರೆದುಕೊಂಡು ಹೋಗಿದ್ದರೆ 600 ರೂಪಾಯಿ ವಸೂಲಾಗುತ್ತಿತ್ತು.

ಸುಲ್ತಾನ್‌ಪೇಟೆಯಲ್ಲಿ ಒಂದು ಕಾಗದದ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಸ್ಟಾಕ್ ಇಳಿಸುತ್ತಿದ್ದರು. ಮಾಲೀಕರು ನನ್ನ ಗುರುತು ಹಿಡಿದು, "ಬನ್ನಿ ಅಕ್ಕಾ, ಏನು ಈ ಕಡೆ, ಮಗಳ ಮದುವೆಯಾ?" ಅಂದರು. ಗುಂಪಿಗೆಲ್ಲ ಒಳಗೆ ಜಾಗ ಕೊಟ್ಟರು. ಹಳೇ ಸ್ಯಾಂಪಲ್ ಆಲ್ಬಂ ತೆಗೆಸಿದೆ. ಕೊನೆಗೆ ನಮ್ಮ ಗುಂಪಿನವರು ಜಾಸ್ತಿ ಫೋಟೋ ತೆಗೆದದ್ದು ಅಲ್ಲೇ.

ಆಲ್ಬಮ್ಮಿನಲ್ಲಿ ಒಂದು ಹಳದಿ ಕಾರ್ಡು. ಮೂಲೆಯಲ್ಲಿ ಅರಿಶಿನ ಇನ್ನೂ ಇದೆ. ಟ್ರೆಡಲ್ ಮೆಷಿನ್ನಿನಲ್ಲಿ ಒತ್ತಿದ್ದು, ಹಿಂದೆ ತಿರುಗಿಸಿ ಸವರಿದರೆ ಅಕ್ಷರ ಬೆರಳಿಗೆ ಸಿಗುತ್ತದೆ. "ದೊಡ್ಡಪೇಟೆ, ಬೆಂಗಳೂರು ಸಿಟಿ" ಅಂತ ವಿಳಾಸ. ಸಿಟಿ ಅಂತ ಯಾಕೆ ಹಾಕಬೇಕಿತ್ತು ಅಂದರೆ ಆಗ ದಂಡು ಪ್ರದೇಶಕ್ಕೆ, ಅಂದರೆ ಕಂಟೋನ್ಮೆಂಟಿಗೆ, ಬೇರೆಯೇ ಆಡಳಿತ. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಆಮೇಲಿನ ಪುಟದಲ್ಲಿ "ಅವೆನ್ಯೂ ರಸ್ತೆ, ಬೆಂಗಳೂರು-2", ಆ ಎರಡು ಅಂಚೆಯವರ ನಂಬರು. ಅದರ ಮುಂದೆ ಪಿನ್‌ಕೋಡ್ ಬಂದ ಮೇಲಿನದು, ಅಂದರೆ 1972ರ ಈಚಿನದು, ಅದೇ ಎರಡು 560002 ಆಗಿದೆ. ಕೊನೆಯ ಪುಟಗಳಲ್ಲಿ ಮೊನ್ನೆ ಮೊನ್ನೆಯ ಕಾರ್ಡುಗಳು. ಛತ್ರದ ಹೆಸರು, ಪಕ್ಕದಲ್ಲಿ ಕ್ಯೂಆರ್ ಕೋಡ್. ಬೀದಿಯ ಹೆಸರೇ ಇಲ್ಲ!

ನಾನು ಗುಂಪಿಗೆ ಹೇಳಿದ್ದು ಇಷ್ಟೇ. ಸೌತ್ ಪೆರೇಡ್ 1948ರಲ್ಲಿ ಎಂ.ಜಿ. ರೋಡ್ ಆಯಿತು, ಜನ ಒಪ್ಪಿಕೊಂಡರು. ಗ್ರ್ಯಾಂಟ್ ರೋಡ್ ವಿಠಲ ಮಲ್ಯ ರಸ್ತೆ ಆಯಿತು, ಅದನ್ನೂ ಒಪ್ಪಿಕೊಂಡರು. ರೇಸ್‌ಕೋರ್ಸ್ ರಸ್ತೆಗೆ 2023ರಲ್ಲಿ ಅಂಬರೀಶ್ ಹೆಸರಿಟ್ಟರು, ಬಾಯಲ್ಲಿ ಇನ್ನೂ ರೇಸ್‌ಕೋರ್ಸೇ ಇದೆ. ಹೊಸ ಬೋರ್ಡಿನ ಜೊತೆ ಹಳೇ ಹೆಸರು ಹೇಗೋ ಹೆಣಗಿ ಬದುಕುತ್ತದೆ. ಆದರೆ ವಿಳಾಸ ಬರೆಯೋದೇ ನಿಂತರೆ ಯಾವ ಹೆಸರೂ ಬದುಕೋದಿಲ್ಲ, ಹಳೇದೂ ಇಲ್ಲ, ಹೊಸದೂ ಇಲ್ಲ. ಗೈಡ್ ಹುಡುಗ ಪುಸ್ತಕ ತೆಗೆದು ಬರೆದುಕೊಂಡ. ಮುಂದಿನ ಗುಂಪಿಗೆ ಇದನ್ನು ತನ್ನದೇ ಮಾತು ಅಂತ ಹೇಳಿದರೂ ನನಗೆ ಬೇಜಾರಿಲ್ಲ.

ಇನ್ನು ಲೌಕಿಕದ ವಿಷಯ. ಜಾಹೀರಾತಿನಲ್ಲಿ "ತಿಂಡಿ ಸಹಿತ" ಅಂತ ಇತ್ತು. ಸಿಕ್ಕಿದ್ದು ಬೈಟು ಕಾಫಿ, ಒಂದು ಇಡ್ಲಿ. ಕಾಫಿ ಚೆನ್ನಾಗಿತ್ತು, ಆದರೆ ಒಂದು ಇಡ್ಲಿಯನ್ನು ತಿಂಡಿ ಅನ್ನೋದು ಯಾವ ಊರಿನ ಲೆಕ್ಕ? ಮೂರು ಗಂಟೆಯಲ್ಲಿ ಹೆಂಗಸರಿಗೆ ಶೌಚಾಲಯಕ್ಕೆ ಒಂದು ಕಡೆಯೂ ನಿಲ್ಲಿಸಲಿಲ್ಲ. ಕೇಳಿದಾಗ ಹುಡುಗ ಮುಖ ಕೆಂಪು ಮಾಡಿಕೊಂಡು ಆ ಕಾಫಿ ಹೋಟೆಲಿಗೆ ವಾಪಸ್ ಕರೆದುಕೊಂಡು ಹೋದ. ಇದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮಾತು ಮುಕ್ಕಾಲು ಪಾಲು ಇಂಗ್ಲಿಷ್. ಹದಿನೈದು ಜನರಲ್ಲಿ ಹತ್ತು ಜನ ಕನ್ನಡದವರೇ ಇದ್ದೆವು. ದೊಡ್ಡಪೇಟೆಯ ಕಥೆಯನ್ನು ಕನ್ನಡದವರು ಕನ್ನಡದವರಿಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆವು.

ಐದಕ್ಕೆ ಮೂರು ಕೊಡುತ್ತೇನೆ. ನಕ್ಷೆ ತಿದ್ದಿದರೆ ಮೂರೂವರೆ. ಅಂಗಡಿ ತೆರೆದಿರೋ ದಿನ ಮಾಡಿದರೆ ನಾಲ್ಕು. ಹೊರಗಿನಿಂದ ಬಂದು ಬೆಂಗಳೂರೆಂದರೆ ಹೊರವರ್ತುಲ ರಸ್ತೆ ಅಂದುಕೊಂಡಿರುವವರು ಖಂಡಿತ ಹೋಗಬೇಕು. ಹತ್ತನೇ ತರಗತಿ ಮಕ್ಕಳಿಗೂ ಒಳ್ಳೆಯದು. ಪೇಟೆಯಲ್ಲೇ ಹುಟ್ಟಿ ಬೆಳೆದವರು ದುಡ್ಡು ಕೊಡಬೇಕಾಗಿಲ್ಲ, ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಒಂದು ಶನಿವಾರ ಹನ್ನೊಂದಕ್ಕೆ ಹೊರಟರೆ ಸಾಕು.

ಹೋಗುವವರು ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿಯಬೇಡಿ, ಶುರುವಾಗೋ ಜಾಗಕ್ಕೆ ವಾಪಸ್ ನಡೆಯಬೇಕಾಗುತ್ತದೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಕೆ.ಜಿ. ರೋಡ್ ಹಿಡಿದು ಬನ್ನಿ. ಹವಾಯಿ ಚಪ್ಪಲಿ ಬೇಡ, ಚರಂಡಿಯ ಚಪ್ಪಡಿಗಳು ಅಲ್ಲಲ್ಲಿ ಅಲ್ಲಾಡುತ್ತವೆ. ನಕ್ಷೆಯ ಕನ್ನಡ ಪುಟವನ್ನು ಕೆಂಪು ಇಂಕಿನಲ್ಲಿ ತಿದ್ದಿ, ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡಿದ್ದೇನೆ. "ಥ್ಯಾಂಕ್ಯೂ ಆಂಟಿ, ಮುಂದಿನ ಪ್ರಿಂಟಿನಲ್ಲಿ ಸರಿಮಾಡುತ್ತೇವೆ" ಅಂತ ಉತ್ತರ ಬಂತು. ಕನ್ನಡದ ಬ್ಯಾಚ್ ಮಾಡಿ ಅಂತಲೂ ಕೇಳಿದೆ. ಎಂಟು ಜನ ಸೇರಿದರೆ ಶನಿವಾರ ಮಾಡುತ್ತಾರಂತೆ. ಬುಕ್ ಮಾಡುವಾಗ ನೀವೂ ಅದನ್ನೇ ಕೇಳಿ.